ಸಹಾಯ ಬೇಕು: ಹಿಲೋ–ಕೋನಾ, ಟ್ವಿನ್ ಎಂಜಿನ್‌ಗೆ ಯಾವ ರೂಟ್?

ಎಲ್ರಿಗೂ ನಮಸ್ಕಾರ, ಹವಾಯಿಯ ಬಿಗ್ ಐಲ್ಯಾಂಡಲ್ಲಿ ಪೈಪರ್ ಸೆಮಿನೋಲ್ ಅನ್ನೋ ಎರಡು ಎಂಜಿನ್‌ನ ಚಿಕ್ಕ ವಿಮಾನ ಹಾರಿಸ್ತಾ ಮಲ್ಟಿ ಎಂಜಿನ್ ಅವರ್ಸ್ ಮಾಡ್ಕೋತಿದೀನಿ. ಪೂರ್ವ ಕರಾವಳಿಯ ಹಿಲೋದಿಂದ ಪಶ್ಚಿಮದ ಕೋನಾಗೆ ಮೌನಾ ಕಿಯಾ, ಮೌನಾ ಲೋವಾ ಬೆಟ್ಟಗಳ ನಡುವಿನ ಸ್ಯಾಡಲ್ (ತಗ್ಗು ಜಾಗ) ಮೇಲೆ ಹೋದ್ರೆ ಹತ್ರ, ಆದ್ರೆ ಅಲ್ಲಿ ನೆಲಾನೇ ಸುಮಾರು 6,600 ಅಡಿ, ಹ್ಯಾಂಡ್‌ಬುಕ್ ನೋಡಿದ್ರೆ ಒಂದೇ ಎಂಜಿನ್ ಮೇಲೆ ಸೀಲಿಂಗ್ (ಏರೋಕಾಗೋ ಎತ್ತರದ ಮಿತಿ) ಸುಮಾರು 3,800 ಅಡಿ, ಅಂದ್ರೆ ಒಂದು ನಿಂತ್ರೆ ಇನ್ನೊಂದು ಓಡ್ತಿದ್ರೂ ಇಳೀತಾನೇ ಇರ್ಬೇಕು, ಕೆಳಗೆ ನೋಡಿದ್ರೆ ಬರೀ ಕರೀ ಲಾವಾ ಬಂಡೆ. ಉತ್ತರಕ್ಕೆ ದ್ವೀಪದ ತುದೀಲಿರೋ ಉಪೋಲು ಸುತ್ತಿದ್ರೆ ಅಲ್ಲಿನ ಅಲೆನುಇಹಾಹಾ ಚಾನೆಲ್ (ಜಲಸಂಧಿ) ಗಾಳಿ ಭಯಂಕರ, ದಕ್ಷಿಣಕ್ಕೆ ಹೋದ್ರೆ ಕಿಲವೇಯಾ ಜ್ವಾಲಾಮುಖಿ ಹೊಗೆಯಿಂದ ಎಲ್ಲಾ ಮಬ್ಬು. ಇನ್‌ಸ್ಟ್ರಕ್ಟರ್‌ಗಳನ್ನ ಕೇಳ್ದೆ, ಒಬ್ರು ಒಂದು ಹೇಳ್ತಾರೆ ಇನ್ನೊಬ್ರು ಇನ್ನೊಂದು. ಸ್ಯಾಡಲ್ ಮಧ್ಯೆ ಎಂಜಿನ್ ಹೋದ್ರೆ ಎಲ್ಲಿವರೆಗೂ ವಾಪಸ್ ಹಿಲೋ, ಎಲ್ಲಿಂದ ಮುಂದೆ ಕೋನಾ ಅನ್ನೋದೇ ತಲೆಗೆ ಹೋಗ್ತಿಲ್ಲ. ಅಲ್ಲಿ ಟ್ವಿನ್ ಹಾರಿಸಿರೋರು ದಯವಿಟ್ಟು ಹೇಳಿ, ಸ್ಯಾಡಲ್ ದಾಟೋಕೆ ಎಷ್ಟು ಎತ್ತರ ಇಟ್ಕೋತೀರಾ, ಇಲ್ಲ ಕರಾವಳಿ ಸುತ್ತೋದೇ ಸರೀನಾ?