ಮನೆಯಲ್ಲೇ ಕೂತು ಆನ್‌ಲೈನ್ ದುಡಿಮೆ: ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು

ಕೇಳಿದವರು, ದಾವಣಗೆರೆ

ನಾನು ವಿನೋಬನಗರದವಳು. ಬಿ.ಕಾಂ ಮುಗಿದು ಎರಡು ವರ್ಷ ಆಯ್ತು. ಬೆಳಿಗ್ಗೆ ಹೊತ್ತು ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತದೆ. ಮಧ್ಯಾಹ್ನದ ಮೇಲೆ ಅಮ್ಮನನ್ನು ನೋಡಿಕೊಳ್ಳಬೇಕು, ಹೊರಗೆ ಹೋಗೋಕಾಗಲ್ಲ. ಹಳೇ ಲ್ಯಾಪ್‌ಟಾಪ್ ಒಂದಿದೆ. ನಿಮಗೆ ನಿಜವಾಗಿ ದುಡ್ಡು ತಂದುಕೊಟ್ಟ ಸೈಟು, ಆ್ಯಪ್ ಯಾವುದು ಅಂತ ಅನುಭವ ಹೇಳಿ. ಒಬ್ಬರು ಡೇಟಾ ಎಂಟ್ರಿ ಕೆಲಸ ಕೊಡುತ್ತೇವೆ, ಮೊದಲು 2,500 ರೂಪಾಯಿ ನೋಂದಣಿ ಕಟ್ಟಿ ಅನ್ನುತ್ತಿದ್ದಾರೆ. ಕಟ್ಟಲಾ?

ನಿಟ್ಟುವಳ್ಳಿಯಿಂದ

ಕಟ್ಟಬೇಡಿ ತಂಗಿ. ಮಿಕ್ಕಿದ್ದು ಆಮೇಲೆ, ಮೊದಲು ಆ ನಂಬರ್ ಬ್ಲಾಕ್ ಮಾಡಿ. ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕು, ನಾವು ಅವರಿಗಲ್ಲ. ನನ್ನ ಓರಗಿತ್ತಿ ಇಂಥದ್ದಕ್ಕೇ ಕಟ್ಟಿದಳು. ಅವರು ಕಳಿಸಿದ ಪುಟಗಳನ್ನು ನಿದ್ದೆಗೆಟ್ಟು ಟೈಪ್ ಮಾಡಿ ಕೊಟ್ಟಳು. ಕೊನೆಗೆ ‘ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ’ ಅಂತ ವಕೀಲರ ಹೆಸರಿನಲ್ಲಿ ನೋಟಿಸ್ ಬಂತು. ಹೆದರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪರಿಚಯದ ವಕೀಲರೊಬ್ಬರು ನೋಡಿ ‘ಇದು ಬರೀ ಬೆದರಿಕೆ’ ಅಂದ ಮೇಲೇ ಅವಳಿಗೆ ಜೀವ ಬಂದಿದ್ದು.

ನಿಮ್ಮ ಕೈಯಲ್ಲಿ ಆಗಲೇ ಒಂದು ವಿದ್ಯೆ ಇದೆ. ಅದನ್ನೇ ಹಿಡಿದುಕೊಳ್ಳಿ. ನಾನೂ ಡಿಟಿಪಿಯಿಂದಲೇ ಬಂದವಳು. ಈಗ ಆರು ವರ್ಷದಿಂದ ಅನುವಾದ, ಸಬ್‌ಟೈಟಲ್ ಕೆಲಸ ಮಾಡುತ್ತಿದ್ದೇನೆ.

ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಅಂಗಡಿಯಲ್ಲಿ ನಾವು ಹೊಡೆಯುವುದು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಅಲ್ವಾ? ನನಗೆ ಸಿಕ್ಕ ಮೊದಲ ಕೆಲಸ ಬಾಣಂತಿಯರ ಆರೋಗ್ಯದ ಒಂದು ಕಿರುಪುಸ್ತಕ, 12 ಪುಟ. ಅದನ್ನೂ ಹಾಗೇ ಟೈಪ್ ಮಾಡಿ ಕಳಿಸಿದೆ. ಸಂಜೆ ಆ ಕಡೆಯಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಅದರಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕಿ, ಗೆರೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟೇ ಇರಲಿಲ್ಲ. ರಾತ್ರಿ ಕನ್ವರ್ಟರಿಗೆ ಹಾಕಿ ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ತಿರುಗಿಸಿದೆ. ಆದರೆ ಅರ್ಕಾವತ್ತು ಇದ್ದ ಕಡೆಯೆಲ್ಲ ಕೆಟ್ಟಿತ್ತು. ‘ಗರ್ಭಿಣಿ’, ‘ಕಾರ್ಯಕರ್ತೆ’, ‘ವರ್ಷ’ ಒಂದೊಂದನ್ನೇ ಹುಡುಕಿ ಕೈಯಲ್ಲಿ ತಿದ್ದಿ ಮುಗಿಸುವಾಗ ಬೆಳಗಿನ ಜಾವ ಆಗಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಇವತ್ತೇ ಯೂನಿಕೋಡ್‌ನಲ್ಲಿ ಟೈಪ್ ಮಾಡುವ ಅಭ್ಯಾಸ ಮಾಡಿಕೊಳ್ಳಿ. ನುಡಿಯ ಹೊಸ ಆವೃತ್ತಿಯಲ್ಲೇ ಆ ಸೌಲಭ್ಯ ಇದೆ, ಕೀಲಿಗಳ ಜಾಗ ಬದಲಾಗುವುದಿಲ್ಲ. ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಆಮೇಲೆ ಎರಡು ಪುಟದ ಮಾದರಿ ತಯಾರು ಮಾಡಿ. ಇಂಗ್ಲಿಷ್ ಒಂದು ಕಡೆ, ನಿಮ್ಮ ಕನ್ನಡ ಇನ್ನೊಂದು ಕಡೆ. ನನಗೆ ಸರ್ಟಿಫಿಕೇಟ್‌ಗಿಂತ ಇದೇ ಹೆಚ್ಚು ಕೆಲಸ ತಂದಿದ್ದು. ವರ್ಡ್‌ನಂಥ ತಂತ್ರಾಂಶ ಇನ್ನೂ ಚೆನ್ನಾಗಿ ಕಲಿಯಬೇಕು ಅಂದರೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಇದೆ, ಲಿಬ್ರೆ ಆಫೀಸ್ ಪಾಠಗಳು ಕನ್ನಡದಲ್ಲೇ ಇವೆ. ದುಡ್ಡು ಕೊಡಬೇಕಿಲ್ಲ. ಸಬ್‌ಟೈಟಲ್‌ಗೆ ‘ಸಬ್‌ಟೈಟಲ್ ಎಡಿಟ್’ ಅನ್ನುವ ತಂತ್ರಾಂಶ, ಅದೂ ಉಚಿತ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ನನ್ನದು ಹಳೇದೇ.

ಕೆಲಸ ಹುಡುಕಲು ನಾನು ಬಳಸಿದ್ದು ಮೂರು ಸೈಟು. ‘ಪ್ರೋಝ್’ ಅನುವಾದಕರದ್ದೇ ಜಾಗ. ಅಲ್ಲಿ ‘ಬ್ಲೂ ಬೋರ್ಡ್’ ಅಂತ ಒಂದಿದೆ. ಕೆಲಸ ಕೊಡುವ ಏಜೆನ್ಸಿ ಹೇಗೆ ನಡೆದುಕೊಂಡಿತು ಅಂತ ಅನುವಾದಕರು ಅಂಕ ಕೊಟ್ಟಿರುತ್ತಾರೆ. ಅದನ್ನು ನೋಡದೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ. ‘ಫೈವರ್’ನಲ್ಲಿ ನಮ್ಮ ಗಳಿಕೆಯಲ್ಲಿ ಶೇ 20 ಅವರಿಗೆ ಹೋಗುತ್ತದೆ. 5 ಡಾಲರ್ ಕೆಲಸಕ್ಕೆ ಕೈಗೆ 4 ಡಾಲರ್. ಅದನ್ನು ಲೆಕ್ಕ ಹಾಕಿಯೇ ದರ ಇಡಿ. ‘ಅಪ್‌ವರ್ಕ್’ನಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ‘ಕನೆಕ್ಟ್ಸ್’ ಅನ್ನುವ ಟೋಕನ್‌ಗಳು ಖರ್ಚಾಗುತ್ತವೆ, ಮುಗಿದರೆ ಕೊಳ್ಳಬೇಕು. ಇದು ನೋಂದಣಿ ಮೋಸದ ಥರ ಅಲ್ಲ, ಆದರೂ ಹೊಸಬರು ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕಿ ದುಡ್ಡು ಕಳೆಯಬಾರದು.

ಹೊರದೇಶದ ದುಡ್ಡಿಗೆ ನಾನು ಪೇಪಾಲ್ ಇಟ್ಟುಕೊಂಡಿದ್ದೇನೆ. ಪ್ಯಾನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಅಪ್ಪನ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ ಇದ್ದಿದ್ದಕ್ಕೆ ನಾನು ಮೂರು ವಾರ ಓಡಾಡಿದೆ.

ಇನ್ನೊಂದು ಮಾತು. ಈಗ ಯಂತ್ರ ಮಾಡಿದ ಅನುವಾದವನ್ನು ತಿದ್ದುವ ಕೆಲಸವೇ ನನಗೆ ಜಾಸ್ತಿ ಬರುತ್ತಿದೆ. ದರ ಕಡಿಮೆ. ಆದರೆ ಇಂಗ್ಲಿಷಿನ ‘ರೈಟ್’ಗೆ ‘ಹಕ್ಕು’ ಇರಬೇಕಾದ ಕಡೆ ‘ಬಲಗಡೆ’ ಅಂತ ಬಂದಿದ್ದನ್ನು ಹಿಡಿಯಲು ಕನ್ನಡ ಗೊತ್ತಿರುವ ಮನುಷ್ಯರೇ ಬೇಕು.

ಮೊಳಕಾಲ್ಮೂರಿನಿಂದ

ನಮ್ಮದು ನೇಯ್ಗೆ ಮನೆ. ಅಣ್ಣ ನೇಯುತ್ತಾನೆ, ನಾನು ಫೋನಿನಲ್ಲಿ ಮಾರುತ್ತೇನೆ. ಅಕ್ಕ ಹೇಳಿದ್ದು ಓದುಬರಹದವರ ದಾರಿ. ಮನೆಯಲ್ಲಿ ಏನಾದರೂ ತಯಾರಾಗುತ್ತಿದ್ದರೆ ಇದನ್ನೂ ಕೇಳಿ.

ನನಗೆ ಸಾಕಾಗಿದ್ದು ವಾಟ್ಸ್ಆ್ಯಪ್ ಬಿಸಿನೆಸ್. ಅದರ ಕ್ಯಾಟಲಾಗ್‌ನಲ್ಲಿ ಸೀರೆ, ಬೆಲೆ ಹಾಕಿಟ್ಟರೆ ಒಬ್ಬೊಬ್ಬರಿಗೂ ಬೇರೆ ಬೇರೆ ಫೋಟೋ ಕಳಿಸುವುದು ತಪ್ಪುತ್ತದೆ. ಕಷ್ಟ ಇರುವುದು ಫೋಟೋದಲ್ಲಿ. ನೇರಳೆ ಬಣ್ಣದ ರೇಷ್ಮೆ ಸೀರೆ ಒಂದನ್ನು ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದು ಹಾಕಿದ್ದೆ. ಫೋಟೋದಲ್ಲಿ ಅದು ನೀಲಿ ಕಾಣುತ್ತಿತ್ತು. ಹುಬ್ಬಳ್ಳಿಯ ಒಬ್ಬ ಅಮ್ಮ ಮಗಳ ಸೀಮಂತಕ್ಕೆ ಅಂತ ತರಿಸಿಕೊಂಡು, ಬಿಚ್ಚಿ ನೋಡಿ ಬೇಜಾರು ಮಾಡಿಕೊಂಡರು. ತಪ್ಪು ನನ್ನದು, ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಆಮೇಲಿಂದ ಬೆಳಿಗ್ಗೆ ಜಗಲಿಯಲ್ಲಿ, ನೆರಳಿನಲ್ಲಿ, ಬಿಳಿ ಗೋಡೆ ಮುಂದೆ ಮಾತ್ರ ತೆಗೆಯುತ್ತೇನೆ. ಅಂಚು ಹತ್ತಿರದಿಂದ, ಸೆರಗು ಪೂರ್ತಿ, ಆಮೇಲೆ ಸೀರೆಯ ಹಿಂಬದಿ. ಹಿಂಬದಿ ತೋರಿಸಿದರೆ ಗೊತ್ತಿರುವವರಿಗೆ ಮಗ್ಗದ ಕೆಲಸ ತಕ್ಷಣ ತಿಳಿಯುತ್ತದೆ.

ಮೀಶೋ ಥರದ ಆನ್‌ಲೈನ್ ಮಾರಾಟದ ಆ್ಯಪ್‌ಗಳಲ್ಲಿ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ರಾಜ್ಯದೊಳಗೆ ಮಾರಬಹುದು. 2023ರ ಅಕ್ಟೋಬರ್‌ನಿಂದ ಆ ಅವಕಾಶ ಇದೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ತಗೊಂಡರೆ ಆಯ್ತು. ಉಪ್ಪಿನಕಾಯಿ ಡಬ್ಬಿಗೆ ಹೊಲಿದ ಕವರ್, ಚೀಲ ಇಂಥದ್ದಕ್ಕೆ ಸರಿ. ಕೈಮಗ್ಗದ ಸೀರೆಗೆ ಬೇಡ ಅನ್ನುತ್ತೇನೆ. ಪಕ್ಕದಲ್ಲೇ ಪವರ್‌ಲೂಮ್ ನಕಲು ಕಡಿಮೆ ಬೆಲೆಗೆ ನೇತಾಡುತ್ತಿರುತ್ತದೆ, ನಮ್ಮ ಅಣ್ಣನ ದಿನಗಟ್ಟಲೆ ದುಡಿಮೆ ಅಲ್ಲಿ ಕಾಣುವುದೇ ಇಲ್ಲ.

ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆಯಲ್ಲಿ ನೋಡಿಯೇ ಪಾರ್ಸೆಲ್ ಕಟ್ಟಿ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವುದು ಬೇಕಿಲ್ಲ. ಒತ್ತಿ ಅಂದರೆ ಅವರು ನಿಮ್ಮಿಂದ ತೆಗೆಯುತ್ತಿದ್ದಾರೆ ಅಂತಲೇ ಅರ್ಥ.

ಚಿತ್ರದುರ್ಗದಿಂದ

ಇದನ್ನು ಮನೆಯಲ್ಲಿ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ನಿಮ್ಮ ಪ್ರಶ್ನೆ ನೋಡಿ ಹೇಳಲೇಬೇಕು ಅನ್ನಿಸಿತು.

ಹೋದ ವರ್ಷ ಟೆಲಿಗ್ರಾಂ ಗುಂಪೊಂದಕ್ಕೆ ಸೇರಿಸಿದರು. ವಿಡಿಯೋಗೆ ಲೈಕ್ ಒತ್ತಿದರೆ 50 ರೂಪಾಯಿ. ಮೊದಲ ದಿನ 150 ರೂಪಾಯಿ ನಿಜವಾಗಿ ಖಾತೆಗೆ ಬಂತು. ಆ 150 ರೂಪಾಯಿಯೇ ನನ್ನನ್ನು ನಂಬಿಸಿದ್ದು. ಮರುದಿನ 1,000 ಹಾಕಿಸಿಕೊಂಡು 1,300 ಕೊಟ್ಟರು. ಆಮೇಲೆ 5,000, ಆಮೇಲೆ 28,000. ಪರದೆ ಮೇಲೆ ನನ್ನ ಹೆಸರಿನ ಮುಂದೆ 61,000 ಅಂತ ಕಾಣುತ್ತಿತ್ತು. ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಅಂದರು. ಗುಂಪಿನಲ್ಲಿ ‘ನನಗೆ ಬಂತು, ನನಗೂ ಬಂತು’ ಅನ್ನುತ್ತಿದ್ದವರೆಲ್ಲ ಅವರದೇ ಜನ.

ನಾಚಿಕೆಯಿಂದ ಮೂರು ದಿನ ಸುಮ್ನೆ ಇದ್ದೆ. ಅದೇ ದೊಡ್ಡ ನಷ್ಟ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ದುಡ್ಡು ಖಾತೆಯಿಂದ ಖಾತೆಗೆ ಹೋಗಿಯಾಗಿತ್ತು. ಬೇಗ ತಿಳಿಸಿದರೆ ಬ್ಯಾಂಕುಗಳು ಆ ಹಣವನ್ನು ತಡೆಹಿಡಿಯಲು ಆಗುತ್ತದೆ. ಯಾರಿಗಾದರೂ ಹೀಗಾದರೆ ಗಂಟೆ ಕಳೆಯುವ ಮೊದಲೇ ಆ ನಂಬರಿಗೆ ಹೇಳಿ, ಆಮೇಲೆ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ, ಹೋಗಿ. ಮತ್ತೆ, ‘ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಅಂತಲೂ ಕೇಳುತ್ತಾರೆ. ಕೊಟ್ಟರೆ ಕಳ್ಳತನದ ದುಡ್ಡು ನಿಮ್ಮ ಖಾತೆ ಮೂಲಕ ಹೋಗುತ್ತದೆ, ಪೊಲೀಸರು ಮೊದಲು ನಿಮ್ಮ ಮನೆಗೇ ಬರುತ್ತಾರೆ.

ಜಗಳೂರಿನಿಂದ

ಯೂಟ್ಯೂಬ್ ಬಗ್ಗೆ ಇಷ್ಟೇ. ಜಾಹೀರಾತಿನ ದುಡ್ಡು ಶುರುವಾಗಲು 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ನನಗೆ 19 ತಿಂಗಳು ಹಿಡಿಯಿತು. ಗಳಿಕೆ 10 ಡಾಲರ್ ಆದಾಗ ವಿಳಾಸ ಖಚಿತ ಮಾಡಲು ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ಆದ ಮೇಲೆ ಬ್ಯಾಂಕಿಗೆ ದುಡ್ಡು. ನಾನು ವಿಳಾಸದಲ್ಲಿ ಬರೀ ಹಳ್ಳಿ ಹೆಸರು ಹಾಕಿದ್ದೆ, ಪಿನ್ ಬರಲೇ ಇಲ್ಲ. ಎರಡನೇ ಸಲ ಅಪ್ಪನ ಹೆಸರು, ಗುಡಿ ಪಕ್ಕ ಅಂತ ಸೇರಿಸಿದೆ. ಪೋಸ್ಟ್‌ಮ್ಯಾನ್ ಅಣ್ಣ ಹೊಲಕ್ಕೇ ತಂದುಕೊಟ್ಟರು. ಈ ತಿಂಗಳೇ ದುಡ್ಡು ಬೇಕು ಅನ್ನುವವರಿಗೆ ಇದು ಆಗುವ ದಾರಿಯಲ್ಲ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ನಂಬರ್ ಬ್ಲಾಕ್ ಮಾಡಿದೆ. ಚಿತ್ರದುರ್ಗದ ಅಣ್ಣ, ನೀವು ಹೇಳಿಕೊಂಡಿದ್ದಕ್ಕೆ ನನ್ನ 2,500 ಉಳಿಯಿತು. ಇವತ್ತು ಮಧ್ಯಾಹ್ನ ಯೂನಿಕೋಡ್‌ನಲ್ಲಿ ಒಂದು ಪುಟ ಹೊಡೆದೆ. ಅಕ್ಕ, ಮಾದರಿಗೆ ಯಾವ ವಿಷಯ ಆರಿಸಿಕೊಳ್ಳಲಿ?

ನಿಟ್ಟುವಳ್ಳಿಯಿಂದ

ನೀವು ಬಿ.ಕಾಂ ಅಲ್ವಾ, ಬ್ಯಾಂಕಿನದ್ದೇ ತಗೊಳ್ಳಿ. ಸಾಲದ ಅರ್ಜಿಯ ಜೊತೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಷರತ್ತುಗಳಿರುತ್ತವಲ್ಲ, ಅದರಲ್ಲಿ ಒಂದು ಪುಟ. ನಿಮ್ಮ ಅಮ್ಮನಿಗೆ ಓದಿ ಹೇಳಿ. ಅವರು ಎಲ್ಲಿ ‘ಏನಂದೆ?’ ಅನ್ನುತ್ತಾರೋ ಅಲ್ಲಿ ಗುರುತು ಹಾಕಿ ತಿದ್ದಿ, ಆಮೇಲೆ ನನಗೆ ಕಳಿಸಿ. ಭಾನುವಾರ ನೋಡಿ ಹೇಳುತ್ತೇನೆ.