ಫೆಬ್ರವರಿಯಲ್ಲಿ ಯಾರು ಮದ್ದು ಹೊಡೆಯುತ್ತಾರೆ?

ಮೊನ್ನೆ ರಾತ್ರಿ ನಮ್ಮ 'ಮೇಲಿನಮನೆ ಬಳಗ' ವಾಟ್ಸ್ಯಾಪ್ ಗುಂಪಿನಲ್ಲಿ ನಡೆದದ್ದು ಇದು. ಊರು ತೀರ್ಥಹಳ್ಳಿ ಕಡೆ ಅಂದರೆ ಸಾಕು. ಹೆಸರು ಬದಲಿಸಿದ್ದೇನೆ. ಮಂಜಣ್ಣ ಭದ್ರಾವತಿಯವನು. ನನ್ನ ಅಪ್ಪನೇ ಅವನ ಅಪ್ಪ. ಇದು ನಮಗಿಬ್ಬರಿಗೂ ಗೊತ್ತಾಗಿ ಏಳು ತಿಂಗಳಾಯಿತು. ಅವನನ್ನು ಗುಂಪಿಗೆ ಸೇರಿಸಿದ್ದು ನಾನೇ.

ಮಂಜಣ್ಣ: (ಫೋಟೊ, 3 ಪುಟ) ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದೆ. ಅಪ್ಪನ ಯುಡಿಆರ್ ಕಡತದ ಪ್ರತಿ ಸಿಕ್ಕಿದೆ. ಎಲ್ಲರೂ ಒಮ್ಮೆ ಓದಿ.

ಶ್ರೀಧರ ಚಿಕ್ಕಪ್ಪ: ಯುಡಿಆರ್ ಅಂದ್ರೆ?

ಮಂಜಣ್ಣ: ಅಸಹಜ ಸಾವಿನ ವರದಿ. ಆಗಿನ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 174ನೇ ಸೆಕ್ಷನ್. ಪೊಲೀಸರು ವಿಚಾರಿಸಿ ತಹಶೀಲ್ದಾರರಿಗೆ ಕಳಿಸುತ್ತಾರೆ. 'ಆಕಸ್ಮಿಕ' ಅಂತ ಮುಗಿಸಿದ್ದಾರೆ.

ದೊಡ್ಡಪ್ಪ: ಮುಗಿದದ್ದನ್ನು ಕೆದಕು ಅಂತ ನಿನಗೆ ಹೇಳಿದ್ದು ಯಾರು? ಇದು ಮನೆಯವರ ಗುಂಪು.

ನಾನು: ಅವನೂ ಮನೆಯವನೇ ದೊಡ್ಡಪ್ಪ. ನೀವು ಹಟ ಹಿಡಿದಿರಿ ಅಂತ ಡಿಎನ್‌ಎ ಪರೀಕ್ಷೆ ಮಾಡಿಸಿದೆವಲ್ಲ. ಅಪ್ಪ ಒಬ್ಬರೇ, ಅಮ್ಮ ಬೇರೆ ಆದರೆ ಸುಮಾರು ಶೇ. 25 ಹೊಂದಬೇಕು. ಹೊಂದಿತು.

ದೊಡ್ಡಪ್ಪ: ಶೇ. 25 ಯಾವುದರಲ್ಲಿ? ತೋಟದಲ್ಲಾ?

ಶ್ರೀಧರ ಚಿಕ್ಕಪ್ಪ: (ಇಂದಿನ ಶಿವಮೊಗ್ಗ ಅಡಿಕೆ ಧಾರಣೆ: ರಾಶಿ, ಬೆಟ್ಟೆ, ಸರಕು, ಗೊರಬಲು)

ಶ್ರೀಧರ ಚಿಕ್ಕಪ್ಪ: ಅಯ್ಯೋ, ಬೇರೆ ಗುಂಪಿಗೆ ಕಳಿಸಬೇಕಿತ್ತು.

(ಇಷ್ಟರ ನಡುವೆಯೂ ಧಾರಣೆಗೆ ಇಬ್ಬರು ಹೆಬ್ಬೆರಳು ತೋರಿಸಿದರು.)

ಗಣಪತಿ ಭಾವ: ತೋಟದ ಮಾತು ಬಂತು ಅಂತ ವಕೀಲನಾಗಿ ಹೇಳುತ್ತೇನೆ. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಎರಡನೇ ಮದುವೆ ಕಾನೂನಿಗೆ ಮದುವೆಯೇ ಅಲ್ಲದಿದ್ದರೂ, ಅದರ ಮಕ್ಕಳಿಗೆ ಅಪ್ಪನ ಪಾಲಿನಲ್ಲಿ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಬರುವ ಪಾಲೂ ಸೇರಿ. ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಆಸ್ತಿ ಬೇಕಿದ್ದರೆ ಮಂಜುನಾಥನಿಗೆ ಈ ಪೇಪರ್ ಯಾಕೆ ಬೇಕು?

ಮಂಜಣ್ಣ: ನನಗೆ ತೋಟ ಬೇಡ. ಆಗ ನನಗೆ ಒಂಬತ್ತು ವರ್ಷ. ಅಪ್ಪ ಶಿವಮೊಗ್ಗ ಮಂಡಿಗೆ ಬಂದಾಗಲೆಲ್ಲ ನಮ್ಮಲ್ಲಿಗೂ ಬರುತ್ತಿದ್ದರು. ಒಂದು ಸಲ ಬರಲಿಲ್ಲ. ಹೋಗಿಬಿಟ್ಟರು ಅಂತ ಅಮ್ಮನಿಗೆ ಗೊತ್ತಾದದ್ದು ತಿಂಗಳಾದ ಮೇಲೆ. ಮಂಡಿಯ ಹಮಾಲಿಯೊಬ್ಬರು ಹೇಳಿದ್ದು. ಹೇಗೆ ಹೋದರು ಅಂತ ಇವತ್ತಿಗೂ ಗೊತ್ತಿಲ್ಲ.

ಶ್ರೀಧರ ಚಿಕ್ಕಪ್ಪ: ತಲೆಗೆ ಪೆಟ್ಟು ಅಂತ ಇದೆಯಲ್ಲ ಇದರಲ್ಲಿ? ನಮಗೆ ಯಾರೂ ಹೇಳಿರಲಿಲ್ಲ.

ಅನು ಡಾಕ್ಟರ್: ನೋಡಿದೆ. ಹಿಂದಲೆಯಲ್ಲಿ ಗಾಯ. ಶ್ವಾಸಕೋಶದಲ್ಲಿ ನೀರು, ಬಾಯಲ್ಲಿ ನೊರೆ. ಅಂದರೆ ನೀರಿಗೆ ಬೀಳುವಾಗ ಉಸಿರಿತ್ತು. ಬೀಳುವಾಗ ಕಲ್ಲು ತಾಗಿರಬಹುದು. ಮೊದಲೇ ಯಾರೋ ಹೊಡೆದಿರಲೂಬಹುದು. ಈ ಹಾಳೆ ನೋಡಿ ಎರಡನ್ನೂ ಹೇಳಲಾಗದು. ಮೂಳೆ ಮಜ್ಜೆಯಲ್ಲಿ ಡಯಾಟಮ್ (ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿ) ಹುಡುಕುವ ಪರೀಕ್ಷೆ ಇದೆ. ಅದೂ ಮುಳುಗಿ ಸತ್ತರಾ ಅನ್ನುವುದಕ್ಕೆ ಮಾತ್ರ. ದೂಡಿದ ಕೈ ಅದರಲ್ಲಿ ಕಾಣುವುದಿಲ್ಲ.

ದೊಡ್ಡಪ್ಪ: ಕೇಳಿದಿರಾ? ಡಾಕ್ಟರೇ ಹೇಳಿದಳು. ಇನ್ನು ಮಲಗಿ.

ನಾನು: ಎರಡನೇ ಪುಟ ಓದಿ. 1999ರ ಫೆಬ್ರವರಿ 11. 'ಮಧ್ಯಾಹ್ನ ಬೋರ್ಡೋ ಮದ್ದಿನ ಡ್ರಮ್ ತೊಳೆಯಲು ಕೆರೆಗೆ ಹೋದವರು ಕಾಲು ಜಾರಿ ಬಿದ್ದು.'

ನಾನು: ದೊಡ್ಡಪ್ಪ, ಫೆಬ್ರವರಿಯಲ್ಲಿ ಯಾರು ಮದ್ದು ಹೊಡೆಯುತ್ತಾರೆ?

(ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನೀಲಿ ಟಿಕ್ ಮಾತ್ರ ಒಂದೊಂದಾಗಿ ಬಂತು.)

ಮಂಜಣ್ಣ: ಅದರಲ್ಲೇನು ವೀಣಾ? ನಾನು ಹತ್ತು ಸಲ ಓದಿದ್ದೇನೆ. ಅರ್ಥವಾಗಲಿಲ್ಲ.

ನಾನು: ನಿನಗೆ ಗೊತ್ತಾಗುವುದಿಲ್ಲ ಮಂಜಣ್ಣ, ನೀನು ತೋಟದಲ್ಲಿ ಬೆಳೆದವನಲ್ಲ. ಮದ್ದು ಹೊಡೆಯುವುದು ಅಡಿಕೆಯ ಕೊಳೆ ರೋಗಕ್ಕೆ. ಕೊಳೆ ಬರುವುದು ಮಳೆಗಾಲದಲ್ಲಿ. ಮೊದಲ ಮದ್ದು ಮೇ ಕೊನೆಗೋ ಜೂನ್ ಶುರುವಿಗೋ. ಎರಡನೆಯದು 40–45 ದಿನ ಬಿಟ್ಟು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫೆಬ್ರವರಿ ಅಂದರೆ ಕೊಯ್ಲು ಮುಗಿಸಿ ಅಡಿಕೆ ಒಣಗಿಸುವ ಹೊತ್ತು. ಡ್ರಮ್ಮಿಗೆ ಕೆಲಸವೇ ಇಲ್ಲ. ಬರೆದುಕೊಂಡ ಪೊಲೀಸರಿಗೆ ಇದು ಗೊತ್ತಿಲ್ಲದಿರಬಹುದು. ಹೇಳಿಕೆ ಕೊಟ್ಟವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ಶ್ರೀಧರ ಚಿಕ್ಕಪ್ಪ: ಕೊಟ್ಟವರು ಯಾರು? ಫೋಟೊ ಮಸುಕಾಗಿದೆ.

ಮಂಜಣ್ಣ: ಸಹಿ ದೊಡ್ಡಪ್ಪನದು.

ದೊಡ್ಡಪ್ಪ: ನೀನು ನನ್ನನ್ನು ದೊಡ್ಡಪ್ಪ ಅನ್ನಬೇಡ.

ದೊಡ್ಡಪ್ಪ: ಅವರು ಏನೋ ಬರೆದುಕೊಂಡರು. ಹೆಣ ಬೇಗ ಕೊಡಲಿ ಅಂತ ನಾನು ಸಹಿ ಹಾಕಿದೆ. ಮನೆ ತುಂಬ ಅಳುವ ಜನ. ಆಗ ನೀನೊಂದು ಚೋಟುದ್ದ ಹುಡುಗಿ. ಈಗ ನನಗೇ ಪ್ರಶ್ನೆ ಕೇಳುತ್ತೀಯಾ?

ಗಣಪತಿ ಭಾವ: ಓದದೆ ಸಹಿ ಹಾಕುವುದು ಇದ್ದದ್ದೇ. ನಾನು ಒಪ್ಪುತ್ತೇನೆ. ಆದರೆ ಕೊಲೆ ಅಂತಾದರೆ ದೂರು ಕೊಡಲು ಕಾಲಮಿತಿ ಇಲ್ಲ. ಅದೂ ನೆನಪಿರಲಿ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

(ಅಳಿಸುವ ಮೊದಲು ಓದಿದೆ. ಇಲ್ಲಿ ಹಾಕುವುದಿಲ್ಲ. ದೊಡ್ಡಪ್ಪನೇ ಏನೋ ಮಾಡಿದರು ಅಂತ ನಾನು ಈಗಲೂ ಹೇಳುತ್ತಿಲ್ಲ. ಅಪ್ಪ ತಾನೇ ಕೆರೆಗೆ ಹಾರಿದ್ದನ್ನು ಮುಚ್ಚಲು ಹೇಳಿದ ಸುಳ್ಳೂ ಆಗಿರಬಹುದು. ಡ್ರಮ್ಮಿನ ಕಥೆ ಸುಳ್ಳು ಅನ್ನುವುದಷ್ಟೇ ನನಗೆ ಗೊತ್ತು.)

ಶ್ರೀಧರ ಚಿಕ್ಕಪ್ಪ: ಎಲ್ಲರೂ ಸುಮ್ನೆ ಇರಿ. ಅತ್ತಿಗೆಯೂ ಈ ಗುಂಪಿನಲ್ಲಿದ್ದಾರೆ.

ಅಮ್ಮ: ಡ್ರಮ್ಮು ಅಟ್ಟದ ಮೇಲಿತ್ತು

(ಅಮ್ಮ ಗುಂಪಿನಲ್ಲಿ ಬರೆದದ್ದು ಇದೇ ಮೊದಲು. ಕೈಮುಗಿಯುವ ಚಿತ್ರ ಬಿಟ್ಟರೆ ಏನನ್ನೂ ಕಳಿಸಿದವಳಲ್ಲ.)

ಅಮ್ಮ: ಕೆರೆ ದಂಡೆಯಲ್ಲಿ ಸಿಕ್ಕಿದ್ದು ಟಾರ್ಚು

ನಾನು: ಅಮ್ಮ, ಮಧ್ಯಾಹ್ನ ಅಂತ ಬರೆದಿದೆ. ಮಧ್ಯಾಹ್ನ ಟಾರ್ಚು ಯಾಕೆ?

ಅಮ್ಮ: ನನ್ನನ್ನು ಯಾರೂ ಕೇಳಲಿಲ್ಲ

ಮಂಜಣ್ಣ: ನಾನು ಭಾನುವಾರ ಬರಬಹುದಾ?

(ತುಂಬಾ ಹೊತ್ತು 'ಟೈಪ್ ಮಾಡುತ್ತಿದ್ದಾರೆ' ಅಂತ ತೋರಿಸಿತು. ನಿಂತಿತು. ಮತ್ತೆ ಶುರುವಾಯಿತು.)

ಅಮ್ಮ: ಕಾಫಿಗೆ ಬಾ. ಊಟದ ಮಾತು ಆಮೇಲೆ

ಅಮ್ಮ: ಆ ಪೇಪರ್ ದೊಡ್ಡ ಅಕ್ಷರದಲ್ಲಿ ತೆಗೆಸಿಕೊಂಡು ಬಾ. ನನಗೆ ಕಣ್ಣು ಸರಿ ಕಾಣುವುದಿಲ್ಲ