ಪರಮಾರರು ಅಗ್ನಿಕುಂಡದಿಂದ ಬಂದವರಾ, ರಾಷ್ಟ್ರಕೂಟರ ಕುಲದವರಾ?

ಧಾರಾ_ಓದುಗ:
ಭೋಜರಾಜನ ಬಗ್ಗೆ ಓದುತ್ತಾ ಅವನ ಹಿಂದಿನವರ ಕಡೆಗೆ ಹೋದೆ. ಮಾಳವ ಆಳಿದ ಪರಮಾರರ ಮೂಲಪುರುಷ ಅಬು ಬೆಟ್ಟದಲ್ಲಿ ವಸಿಷ್ಠರ ಹೋಮಕುಂಡದಿಂದ ಎದ್ದು ಬಂದ ಅಂತ ಒಂದು ಕಡೆ ಇದೆ. ಅವರು ಮಾನ್ಯಖೇಟದ ರಾಷ್ಟ್ರಕೂಟರ ವಂಶದವರು ಅಂತ ಇನ್ನೊಂದು ಕಡೆ. ಅದೇ ಪರಮಾರರು 972ರಲ್ಲಿ ಮಾನ್ಯಖೇಟವನ್ನು ಲೂಟಿ ಮಾಡಿದರಂತೆ. ಸ್ವಂತ ಕುಲದವರ ರಾಜಧಾನಿಯನ್ನೇ ದೋಚಿದರಾ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ತಾಮ್ರಪಟ:
ದಾಖಲೆಗಳನ್ನು ಇಸವಿ ಪ್ರಕಾರ ಜೋಡಿಸಿ ನೋಡಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಮೊದಲು 949ರ ಹರ್ಸೋಲ ತಾಮ್ರಪಟಗಳು. ಗುಜರಾತಿನಲ್ಲಿ ಸಿಕ್ಕಿದ್ದು, ಕೊಟ್ಟವನು ಪರಮಾರ ದೊರೆ ಎರಡನೇ ಸೀಯಕ. ಯೋಗರಾಜ ಎಂಬುವನ ಮೇಲೆ ದಂಡೆತ್ತಿ ಹೋದವನು ವಾಪಸ್ ಬರುವಾಗ ಮಹೀ ನದಿಯ ದಡದಲ್ಲಿ ಬೀಡು ಬಿಟ್ಟಿದ್ದಾನೆ. ಆನಂದಪುರದ ನಾಗರ ಬ್ರಾಹ್ಮಣರಾದ ಅಪ್ಪ-ಮಗನಿಗೆ ಊರು ದಾನ ಕೊಡುತ್ತಾನೆ. ನಮಗೆ ಬೇಕಾದ್ದು ದಾನವಲ್ಲ, ಅದರ ಪೀಠಿಕೆ. ಮೊದಲು ಅಮೋಘವರ್ಷ, ಆಮೇಲೆ ಅಕಾಲವರ್ಷ ಎಂಬ ದೊರೆಗಳ ಹೆಸರು ಬರುತ್ತದೆ. ಆ ಕುಲದಲ್ಲಿ ಬಪ್ಪೈರಾಜ, ಅವನ ಮಗ ವೈರಿಸಿಂಹ, ಅವನ ಮಗ ಸೀಯಕ ಎಂದು ಮುಂದುವರಿಯುತ್ತದೆ.

ಇವು ರಾಷ್ಟ್ರಕೂಟರ ಬಿರುದುಗಳು. ಅಕಾಲವರ್ಷ ಅಂದರೆ ಆಗ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಅಂತಲೇ ಸಾಮಾನ್ಯವಾಗಿ ಗುರುತಿಸುತ್ತಾರೆ. ಹಾಗಾದರೆ ಬದುಕಿರುವ ದೊರೆಯ ಹೆಸರು ಮೊದಲು, ಅವನ ಕುಲದಲ್ಲಿ ಹುಟ್ಟಿದ ಸೀಯಕನ ತಾತನ ಹೆಸರು ಆಮೇಲೆ! ವಂಶಾವಳಿ ಹೀಗೆ ಬರೆಯುವುದಿಲ್ಲ. ನಡುವೆ ಮಾತು ಬಿಟ್ಟುಹೋಗಿದೆ ಅಂತ ಕೆಲವು ವಿದ್ವಾಂಸರು, ತಾಯಿ ಕಡೆಯ ಸಂಬಂಧ ಅಂತ ಇನ್ನು ಕೆಲವರು. ನನಗೆ ಕಾಣುವುದು ಇಷ್ಟೇ: ಇದು ಸಾಮಂತನೊಬ್ಬ ಒಡೆಯನ ಹೆಸರನ್ನು ತಲೆ ಮೇಲೆ ಹೊತ್ತುಕೊಂಡಿರುವ ಬರಹ. ಸೀಯಕನ ಬಿರುದೇ 'ಮಹಾಮಾಂಡಲಿಕ ಚೂಡಾಮಣಿ', ಅಂದರೆ ದೊಡ್ಡ ಸಾಮಂತರ ತಲೆಮಣಿ. 946ರಲ್ಲಿ ಮಾಳವದ ಉಜ್ಜಯಿನಿಯಲ್ಲಿ ಕನೌಜಿನ ಪ್ರತೀಹಾರರ ಅಧಿಕಾರಿ ಇದ್ದ ಅಂತ ಪ್ರತಾಪಗಢದ ಶಾಸನ ಹೇಳುತ್ತದೆ. ಕನೌಜಿನ ಕಡೆ ಒಬ್ಬ ಒಡೆಯ, ಮಾನ್ಯಖೇಟದ ಕಡೆ ಇನ್ನೊಬ್ಬ. ಮಾಳವದ ಸಣ್ಣ ದೊರೆ ಯಾರದೋ ನೆರಳಿನಲ್ಲಿ ನಿಲ್ಲಲೇಬೇಕಿತ್ತು.

967ರಲ್ಲಿ ಕೃಷ್ಣ ಸತ್ತ. ಪಟ್ಟಕ್ಕೆ ಬಂದ ಖೊಟ್ಟಿಗನಿಗೆ ಆ ಹಿಡಿತ ಇರಲಿಲ್ಲ. ಸೀಯಕ ತಿರುಗಿಬಿದ್ದ. ನರ್ಮದೆಯ ದಡದ ಕಾಳಗದಲ್ಲಿ ಅವನ ಕಡೆಯ ವಾಗಡದ ಕಂಕ ಸತ್ತರೂ ಸೈನ್ಯ ನಿಲ್ಲದೆ ಮಾನ್ಯಖೇಟದವರೆಗೆ ಬಂತು. ಲೂಟಿಯ ಇಸವಿಗೆ ಒಳ್ಳೆಯ ಸಾಕ್ಷಿ ಯಾವುದು ಗೊತ್ತಾ? ಒಂದು ನಿಘಂಟು! ಧನಪಾಲ ಎಂಬ ಕವಿ ಧಾರಾನಗರದಲ್ಲಿ ತಂಗಿಗಾಗಿ ಪ್ರಾಕೃತ ನಿಘಂಟು ಬರೆದ. ಮಾಳವದವರು ಮಾನ್ಯಖೇಟವನ್ನು ಸೂರೆ ಮಾಡಿದ ವರ್ಷ, ವಿಕ್ರಮ ಶಕ 1029 (ಅಂದರೆ ಕ್ರಿ.ಶ. 972) ಅಂತ ಅದರ ಕೊನೆಯಲ್ಲಿ ಗುರುತು ಹಾಕಿದ್ದಾನೆ.

ಸೀಯಕನ ಮಗ ಮುಂಜ. ಅವನ 974ರ ಧರಮ್‌ಪುರಿ ಪಟದಲ್ಲಿ ವಂಶಾವಳಿ ಕೃಷ್ಣರಾಜ ಎಂಬ ಹಿರಿಯನಿಂದ ಶುರುವಾಗುತ್ತದೆ. ಹಳೆಯ ಒಡೆಯರ ಪೀಠಿಕೆ ಮಾಯ. ಬೆಂಕಿಯ ಕಥೆಯೂ ಇಲ್ಲ. ಅದು ಕಾಣಿಸುವುದು ಮುಂಜನ ತಮ್ಮ ಸಿಂಧುರಾಜನ ಆಸ್ಥಾನದಲ್ಲಿ, ಪದ್ಮಗುಪ್ತನ 'ನವಸಾಹಸಾಂಕಚರಿತ'ದಲ್ಲಿ. ವಿಶ್ವಾಮಿತ್ರ ವಸಿಷ್ಠರ ಹಸುವನ್ನು ಎಳೆದೊಯ್ದ, ವಸಿಷ್ಠರು ಹೋಮ ಮಾಡಿದರು, ಬೆಂಕಿಯಿಂದ ವೀರನೊಬ್ಬ ಎದ್ದ. ಅಷ್ಟು ಹೊತ್ತಿಗೆ ಅವರು ಯಾರ ಸಾಮಂತರೂ ಅಲ್ಲ. ಒಡೆಯನಿಲ್ಲದವರಿಗೆ ಒಡೆಯನಿಲ್ಲದ ಹುಟ್ಟು ಬೇಕಿತ್ತು.

ಹಳೇನಾಣ್ಯ:
ನೀವು ರಾಷ್ಟ್ರಕೂಟ ಸಂಬಂಧವನ್ನು ತೀರಾ ಸುಲಭವಾಗಿ ತಳ್ಳಿಹಾಕಿದ್ರಿ. ಮುಂಜ ಇಟ್ಟುಕೊಂಡ ಬಿರುದುಗಳು ಅಮೋಘವರ್ಷ, ಪೃಥ್ವೀವಲ್ಲಭ, ಶ್ರೀವಲ್ಲಭ. ಸಂಬಂಧ ಇಲ್ಲದವನು ಸುಮ್ನೆ ಇಟ್ಟುಕೊಳ್ತಾನಾ?

ತಾಮ್ರಪಟ:
ಒಳ್ಳೆಯ ಪ್ರಶ್ನೆ ಸರ್. ಆದರೆ ಪೃಥ್ವೀವಲ್ಲಭ ಮೊದಲು ಬಾದಾಮಿ ಚಾಲುಕ್ಯರ ಬಿರುದು. ಅವರನ್ನು ಸೋಲಿಸಿದ ರಾಷ್ಟ್ರಕೂಟ ದಂತಿದುರ್ಗ ಅದನ್ನು ತಾನು ಇಟ್ಟುಕೊಂಡ. ಹಾಗಂತ ಅವನನ್ನು ಚಾಲುಕ್ಯ ಅನ್ನೋಕಾಗುತ್ತಾ? ಗೆದ್ದವನು ಬಿರುದನ್ನೂ ಹೊತ್ತೊಯ್ಯುತ್ತಿದ್ದ. 973ರಲ್ಲಿ ಕಲ್ಯಾಣ ಚಾಲುಕ್ಯರ ತೈಲಪ ರಾಷ್ಟ್ರಕೂಟರನ್ನು ಮುಗಿಸಿ ದಖ್ಖನ್ನಿನಲ್ಲಿ ಕೂತ. ಅವರ ಉತ್ತರಾಧಿಕಾರಿ ನಾನು ಅಂತ ಮುಂಜ, ತೈಲಪ ಇಬ್ಬರಿಗೂ ಅನಿಸಿರಬೇಕು. ಮುಂಜ ಕೊನೆಗೆ ಸತ್ತಿದ್ದು ಅದೇ ತೈಲಪನ ಸೆರೆಯಲ್ಲಿ.

ಹಳೇನಾಣ್ಯ:
ಬಿರುದಿನ ವಾದ ಒಪ್ಪಿದೆ. ತಾಯಿ ಕಡೆಯ ಸಂಬಂಧವನ್ನು ಮಾತ್ರ ನಾನು ಇನ್ನೂ ಬಿಟ್ಟಿಲ್ಲ. ಒಡೆಯರ ಮನೆಯ ಹೆಣ್ಣು ಸಾಮಂತನ ಮನೆಗೆ ಬರುವುದು ಆಗ ಮಾಮೂಲಿ ಅಲ್ವಾ?

ಬೆಟ್ಟದ_ದಾರಿ:
ಒಂದು ಸೇರಿಸ್ತೀನಿ. ಅಗ್ನಿಕುಲ ಅಂದ ಕೂಡಲೇ ಪರಮಾರ, ಪ್ರತೀಹಾರ, ಚೌಹಾಣ, ಸೋಲಂಕಿ ಅಂತ ನಾಲ್ಕು ಹೆಸರು ಹೇಳ್ತಾರೆ. ಆ ಪಟ್ಟಿ ತುಂಬಾ ತಡವಾದದ್ದು, 'ಪೃಥ್ವೀರಾಜ ರಾಸೋ' ಎಂಬ ವೀರಕಾವ್ಯದ ಈಚಿನ ಪಾಠಗಳಿಂದ ಜಾಸ್ತಿ ಹರಡಿದ್ದು. ಗ್ವಾಲಿಯರ್ ಶಾಸನದಲ್ಲಿ ಪ್ರತೀಹಾರರು ತಮ್ಮನ್ನು ರಾಮನ ತಮ್ಮ ಲಕ್ಷ್ಮಣನಿಗೆ ಜೋಡಿಸಿಕೊಂಡಿದ್ದಾರೆ.

ಧಾರಾ_ಓದುಗ:
ಹಾಗಾದರೆ ಭೋಜ ತನ್ನ ಪಟಗಳಲ್ಲಿ ಬೆಂಕಿಯ ಕಥೆ ಹಾಕಿದ್ದಾನಾ?

ತಾಮ್ರಪಟ:
1020ರ ಬೇಟ್ಮಾ ಪಟದಲ್ಲಿ ಇಲ್ಲ. ಸೀಯಕ, ವಾಕ್ಪತಿರಾಜ, ಸಿಂಧುರಾಜ, ಭೋಜ, ಅಷ್ಟೇ. ವಾಕ್ಪತಿರಾಜ ಅಂದರೆ ಮುಂಜನೇ. ಅಬು ಬೆಟ್ಟದ ಕಥೆ ಕಲ್ಲಿನ ಮೇಲೆ ಬೇಕಿದ್ದರೆ ವಿದಿಶಾ ಜಿಲ್ಲೆಯ ಉದಯಪುರದ ಪ್ರಶಸ್ತಿ (ದೊರೆಗಳನ್ನು ಹೊಗಳುವ ಶಾಸನ) ನೋಡಿ. ಸೀಯಕ ಗರುಡನಂತೆ ಎರಗಿ ಖೊಟ್ಟಿಗನ ಸಂಪತ್ತನ್ನು ಕಸಿದ ಅಂತ ಹೇಳುವುದೂ ಅದೇ ಪ್ರಶಸ್ತಿ.